ಗೋದಲಿ, ಮರ, ನಕ್ಷತ್ರ: ಕ್ರಿಸ್ಮಸ್ ಆಚರಣೆಯಲ್ಲಿ ಬೈಬಲ್ಲಿನದು ಯಾವುದು?

ಅರ್ಧವಾರ್ಷಿಕ ಪರೀಕ್ಷೆಗಳು ಮುಗಿಯುವ ವೇಳೆಗೆ ಮೆಟ್ಟುಪಾಳ್ಯಂ ಪೇಟೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳು ತೂಗಾಡತೊಡಗುತ್ತವೆ. ರಜೆಯ ಮುನ್ನಾದಿನ ಶಾಲೆಗಳಿಗೂ ಮರ, ಗೋದಲಿ, ಕೆಂಪು ಟೊಪ್ಪಿಗೆಯ ತಾತ ಬರುತ್ತವೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ದಿನ, ಮರ ಸಿಂಗರಿಸಲು ಒಪ್ಪದ ಬಾಲಕಿಯೊಬ್ಬಳನ್ನು ನಾವು ಎಲ್ಲರೆದುರು ಗದರಿದೆವು. ಮರುದಿನ ಆಕೆಯ ತಂದೆ ಬಂದು, 'ನಾವೂ ಕ್ರೈಸ್ತರೇ ಸಾರ್, ಆದರೆ ಸತ್ಯವೇದದಲ್ಲಿ ಇಲ್ಲದ್ದನ್ನು ಮಾಡುವುದಿಲ್ಲ' ಎಂದರು. ಅದೇ ವಾರ ಸಿರುಮುಗೈ ಕಡೆಯ ನೇಕಾರ ಕುಟುಂಬದ ತಾಯಿಯೊಬ್ಬರು, ಮಗ ನಕ್ಷತ್ರ ಮಾಡಿದರೆ ಚೌಡೇಶ್ವರಿ ಅಮ್ಮನಿಗೆ ಅಪಚಾರವಾದೀತೇ ಎಂದು ಕೇಳಿದರು. ಇಬ್ಬರಿಗೂ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ. ಬಳಿಕ ಓದಿ ತಿಳಿದುದನ್ನು ಇಲ್ಲಿ ಪೋಷಕರ ಮುಂದಿಡುತ್ತಿದ್ದೇವೆ.

ಯೇಸುವಿನ ಜನನದ ವೃತ್ತಾಂತವಿರುವುದು ಮತ್ತಾಯ ಮತ್ತು ಲೂಕ ಎಂಬ ಎರಡು ಸುವಾರ್ತೆಗಳಲ್ಲಿ ಮಾತ್ರ. ಅದೂ ಕೆಲವೇ ಪುಟಗಳು. ತಿಂಗಳಾಗಲಿ ದಿನಾಂಕವಾಗಲಿ ಅಲ್ಲಿಲ್ಲ. ಮೂಡಣ ದೇಶದಿಂದ ಬಂದವರನ್ನು ಕನ್ನಡ ಬೈಬಲ್ 'ಜೋಯಿಸರು' ಎನ್ನುತ್ತದೆ. ಅವರು ಅರಸರೆಂದೂ ಮೂವರೆಂದೂ ಅದು ಹೇಳುವುದಿಲ್ಲ. ಕಾಣಿಕೆಗಳು ಮೂರಾದ್ದರಿಂದ ತಂದವರೂ ಮೂವರಾದರು. ಮತ್ತಾಯನ ಪ್ರಕಾರ ಅವರು ಬಂದದ್ದು ಮನೆಗೆ, ಕೊಟ್ಟಿಗೆಗಲ್ಲ.

ಗೋದಲಿಯ ಮಾತು ಲೂಕನಲ್ಲಿದೆ. ನಮ್ಮ ಮಕ್ಕಳಿಗೆ ಪರಿಚಿತವಾದ ಶಬ್ದ ತಮಿಳಿನ 'ಕುಡಿಲ್', ಅಂದರೆ ಗುಡಿಸಲು. ಆದರೆ ಮೂಲದಲ್ಲಿರುವುದು ಗುಡಿಸಲಲ್ಲ, ದನಗಳಿಗೆ ಮೇವು ಹಾಕುವ ತೊಟ್ಟಿ. 'ಗೋದಲಿ' ಎಂದರೆ ಅದೇ. ಹಳ್ಳಿಮನೆಯಲ್ಲಿ ಮೇವಿನ ಗೋದಲಿ ಕಂಡ ಅಜ್ಜಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ತಾಯ್ನುಡಿಯಲ್ಲಿ ಓದುವುದರ ಲಾಭ ಇಂಥಲ್ಲಿ ತಿಳಿಯುತ್ತದೆ. ಅದರ ಪಕ್ಕದ ಎತ್ತು, ಕತ್ತೆಗಳು ಸುವಾರ್ತೆಗಳಲ್ಲಿ ಇಲ್ಲ. ಯೆಶಾಯನ ಗ್ರಂಥದ ಒಂದು ಮಾತಿನ ಆಧಾರದಿಂದ ಮುಂದಿನವರು ಅವನ್ನು ತಂದು ನಿಲ್ಲಿಸಿದರು. ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಫ್ರಾನ್ಸಿಸನು 1223ರಲ್ಲಿ ಹುಲ್ಲು, ಎತ್ತು, ಕತ್ತೆಗಳೊಡನೆ ಗೋದಲಿಯ ದೃಶ್ಯವನ್ನು ಏರ್ಪಡಿಸಿದ ಮೇಲೆ ಈ ಪದ್ಧತಿ ಜನಪ್ರಿಯವಾಯಿತು.

ಡಿಸೆಂಬರ್ 25ರ ಅತಿ ಹಳೆಯ ಸ್ಪಷ್ಟ ದಾಖಲೆ 354ರಲ್ಲಿ ಸಂಕಲಿತವಾದ ರೋಮಿನ ಪಂಚಾಂಗವೊಂದರಲ್ಲಿದೆ. ಸಾಮ್ರಾಟ ಔರೇಲಿಯನ್ 274ರಲ್ಲಿ ಅಜೇಯ ಸೂರ್ಯನ ಆರಾಧನೆಗೆ ರಾಜಮನ್ನಣೆ ನೀಡಿದ್ದನು. ಆ ಸೂರ್ಯೋತ್ಸವದ ಸ್ಥಾನದಲ್ಲಿ ಕ್ರಿಸ್ತಜಯಂತಿ ಬಂತೆಂಬುದು ಒಂದು ವಾದ. ಮಾರ್ಚ್ 25 ಗರ್ಭಧಾರಣೆಯ ದಿನವೆಂದು ಹಿಡಿದು ಒಂಬತ್ತು ತಿಂಗಳು ಎಣಿಸಿದರೆಂಬುದು ಇನ್ನೊಂದು. ವಿದ್ವಾಂಸರಲ್ಲಿ ಈ ಜಗಳ ತೀರಿಲ್ಲ. ಅರ್ಮೇನಿಯದ ಸಭೆಯಂತೂ ಇಂದಿಗೂ ಜನವರಿ 6ರಂದೇ ಆಚರಿಸುತ್ತದೆ.

ಮರ ಜರ್ಮನಿಯದು, ಹದಿನಾರನೆಯ ಶತಮಾನದ ಸುಮಾರಿನದು. ಯೆರೆಮೀಯನು ಅದನ್ನು ನಿಷೇಧಿಸಿದ್ದಾನೆಂದು ಕೆಲವರು ಹೇಳುವುದುಂಟು. ಆ ಅಧ್ಯಾಯವನ್ನು ಪೂರ್ತಿ ಓದಿದರೆ ಅದು ಮರದಿಂದ ಕೆತ್ತಿದ ವಿಗ್ರಹಗಳ ಕುರಿತದ್ದೆಂದು ತಿಳಿಯುತ್ತದೆ. ಕ್ರಿಸ್ಮಸ್ ಮರಕ್ಕೆ ಅದನ್ನು ಅನ್ವಯಿಸುವುದು ನ್ಯಾಯವಲ್ಲ. ಕೆಂಪು ಟೊಪ್ಪಿಗೆಯ ತಾತನ ಮೂಲಪುರುಷ ಈಗಿನ ಟರ್ಕಿಯಲ್ಲಿರುವ ಮೈರಾದ ಬಿಷಪ್ ನಿಕೊಲಾಸ್. ಇಂದಿನ ಬೊಜ್ಜು, ನಗು, ಗಡ್ಡಗಳು ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಕೊಡುಗೆ.

ಮತ್ತಾಯನಲ್ಲಿ ಜೋಯಿಸರಿಗೆ ದಾರಿ ತೋರಿದ ನಕ್ಷತ್ರವಿದೆ, ಕಾಗದದ ನಕ್ಷತ್ರವಿಲ್ಲ. ಅಂಥ ನಕ್ಷತ್ರಗಳಲ್ಲಿ ಪ್ರಸಿದ್ಧವಾದ ಒಂದು ಬಗೆ ಹುಟ್ಟಿದ್ದು 1830ರ ದಶಕದಲ್ಲಿ, ಜರ್ಮನಿಯ ನೀಸ್ಕಿ ಎಂಬ ಊರಿನ ಮೊರೇವಿಯನ್ ಶಾಲೆಯಲ್ಲಿ, ರೇಖಾಗಣಿತದ ಪಾಠವಾಗಿ! ಇದನ್ನು ಓದಿದಾಗ ಶಿಕ್ಷಕರಾದ ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹಾಗಾದರೆ ಆ ತಂದೆ ಹೇಳಿದ್ದು ಸರಿಯೇ? ಜನನದ ದಿನವನ್ನು ಆಚರಿಸಿರೆಂದು ಹೊಸ ಒಡಂಬಡಿಕೆ ಎಲ್ಲಿಯೂ ವಿಧಿಸಿಲ್ಲ. ಸ್ಮರಿಸಲು ಹೇಳಿದ್ದು ಯೇಸುವಿನ ಮರಣವನ್ನು. ಆಚರಿಸಬಾರದೆಂಬ ಆಜ್ಞೆಯೂ ಅಲ್ಲಿಲ್ಲ. ಒಬ್ಬನು ಒಂದು ದಿನವನ್ನು ವಿಶೇಷವೆಂದೆಣಿಸಿದರೆ ಇನ್ನೊಬ್ಬನು ಎಲ್ಲ ದಿನಗಳನ್ನೂ ಸಮವೆಂದೆಣಿಸಬಹುದು, ಅವರವರ ಮನಸ್ಸಿಗೆ ದೃಢವಾದರೆ ಸಾಕು ಎಂಬ ಅರ್ಥದಲ್ಲಿ ಪೌಲನು ರೋಮಿನವರಿಗೆ ಬರೆದಿದ್ದಾನೆ. ಆ ತಂದೆಯ ನಿಲುವು ಹೊಸತೂ ಅಲ್ಲ. 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇದೇ ಕಾರಣಕ್ಕೆ ಕ್ರಿಸ್ಮಸ್ಸನ್ನು ರದ್ದುಪಡಿಸಿತ್ತು; 1659ರಲ್ಲಿ ಅಮೆರಿಕದ ಮಸಾಚುಸೆಟ್ಸ್‌ನಲ್ಲಿ ಆಚರಿಸಿದವರಿಗೆ ಐದು ಶಿಲಿಂಗ್ ದಂಡ ಗೊತ್ತುಮಾಡಿದ್ದರು. ಅದು ಅತಿರೇಕವೆಂದೇ ನಮ್ಮ ಭಾವನೆ. ಆದರೆ ಒಪ್ಪದ ಮಗುವನ್ನು ಗದರುವುದೂ ಅದೇ ಅತಿರೇಕದ ಇನ್ನೊಂದು ಮುಖವಲ್ಲವೇ?

ಪೋಷಕರು ತಿಳಿದಿರಬೇಕಾದ ಮಾತೊಂದಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆಗೋ ಆರಾಧನೆಗೋ ಮಗು ಹಾಜರಾಗಬೇಕಾದರೆ ಪೋಷಕರ ಸಮ್ಮತಿ ಬೇಕೆಂದು ಸಂವಿಧಾನದ 28(3)ನೆಯ ವಿಧಿ ಹೇಳುತ್ತದೆ. ಕಾಗದ ಕತ್ತರಿಸುವುದು ಆರಾಧನೆಯಲ್ಲ, ಪ್ರಾರ್ಥನೆ ಆರಾಧನೆ. ಈ ವ್ಯತ್ಯಾಸವನ್ನು ಆ ತಾಯಿಗೆ ತಿಳಿಸಿದೆವು. ಮಗ ನಕ್ಷತ್ರ ಮಾಡಿದ. ಮನೆಯ ಮಗ್ಗದ ಮೇಲೆ ತೂಗುಹಾಕಿದ್ದಾನಂತೆ.

ಈ ಡಿಸೆಂಬರಿನಲ್ಲಿ ನಕ್ಷತ್ರದ ಕೆಲಸ ಗಣಿತದ ಅವಧಿಯಲ್ಲಿ ನಡೆಯಲಿದೆ. ಉಳಿದ ಕಾರ್ಯಕ್ರಮಕ್ಕೆ ಒಪ್ಪಿಗೆಯ ಚೀಟಿ ಕನ್ನಡದಲ್ಲಿ ಮನೆಗೆ ಬರುತ್ತದೆ. ಬೇಡವೆಂದು ಬರೆದು ಕಳುಹಿಸಿದರೆ ಕಾರಣ ಕೇಳುವುದಿಲ್ಲ. ನಾವು ಗದರಿದ ಬಾಲಕಿಯ ಬಳಿ ಅದೇ ತರಗತಿಯಲ್ಲಿ, ಅದೇ ಮಕ್ಕಳೆದುರು ತಪ್ಪಾಯಿತೆಂದು ಹೇಳಿದ್ದೇವೆ.