ಥೀಮ್ ಪಾರ್ಕ್‌ಗಳು: ಅಭಿಮಾನಿಗಳ ವಾದ, ಉದ್ಯಮಿಗಳಿಗೆ ಪಾಠ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಶಾಲೆಗಳ ಪ್ರವಾಸವೆಂದರೆ ಒಂದು ತಲೆಮಾರಿನ ಹಿಂದೆ ಬೇಲೂರು, ಹಳೇಬೀಡು, ಶ್ರವಣಬೆಳಗೊಳ, ಮೈಸೂರು ಎಂಬ ಪಟ್ಟಿ ಸಿದ್ಧವಾಗಿರುತ್ತಿತ್ತು. ಈಗ ಆ ಪಟ್ಟಿಗೆ ಬಿಡದಿಯ ವಂಡರ್‌ಲಾ, ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ಗಳೂ ಸೇರಿಕೊಂಡಿವೆ. ಮರಳಿ ಬರುವ ಬಸ್ಸಿನಲ್ಲಿ ಮಕ್ಕಳು ಯಾವುದು ಮೇಲು, ಯಾವ ರೈಡ್‌ಗೆ ಎಷ್ಟು ಹೊತ್ತು ನಿಲ್ಲಬೇಕಾಯಿತು, ಕೊಟ್ಟ ಹಣಕ್ಕೆ ತಕ್ಕ ಆಟ ಸಿಕ್ಕಿತೇ ಎಂದು ವಾದಿಸುತ್ತಾರೆ. ಇದೇ ವಾದವನ್ನು ಅಮೆರಿಕ, ಯೂರೋಪ್ ಮತ್ತು ಜಪಾನ್ ದೇಶಗಳಲ್ಲಿ ವಯಸ್ಕರೇ ದಶಕಗಳಿಂದ ಅತ್ಯಂತ ಗಂಭೀರವಾಗಿ ನಡೆಸುತ್ತ ಬಂದಿದ್ದಾರೆ. ತಾವು ಮೆಚ್ಚಿದ ಉದ್ಯಾನದ ಗುಣಮಟ್ಟ ಏರುತ್ತಿದೆಯೋ ಇಳಿಯುತ್ತಿದೆಯೋ, ಆಡಳಿತ ಮಂಡಳಿ ಅದನ್ನು ಯಾವ ದಿಕ್ಕಿಗೆ ಒಯ್ಯುತ್ತಿದೆ ಎಂಬುದು ಅವರ ಚರ್ಚೆಯ ತಿರುಳು.

ಮೇಲ್ನೋಟಕ್ಕೆ ಇದು ಬಿಡುವಿನ ಹರಟೆಯಂತೆ ಕಂಡರೂ ವರ್ತಕರು ಮತ್ತು ಸಣ್ಣ ಕೈಗಾರಿಕೋದ್ಯಮಿಗಳು ಗಮನಿಸಬೇಕಾದ ವಿಷಯ ಇದರಲ್ಲಿದೆ. ಸಂಸ್ಥೆಯೊಂದರ ಲೆಕ್ಕಪತ್ರದಲ್ಲಿ ನಾಲ್ಕಾರು ವರ್ಷಗಳ ನಂತರ ಕಾಣಿಸಿಕೊಳ್ಳುವ ದೌರ್ಬಲ್ಯವನ್ನು ಗ್ರಾಹಕನು ಮಾಸಿದ ಬಣ್ಣದಲ್ಲಿ, ನಿಂತುಹೋದ ರೈಡ್‌ನಲ್ಲಿ, ಉದ್ದವಾದ ಸಾಲಿನಲ್ಲಿ ಮೊದಲೇ ಕಂಡುಕೊಂಡಿರುತ್ತಾನೆ.

ಕಥೆಯೋ, ಯಂತ್ರವೋ?

1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಆರಂಭವಾಯಿತು. ಅದಕ್ಕೂ ಮೊದಲು ರಾಟೆ ತೊಟ್ಟಿಲು, ರೋಲರ್ ಕೋಸ್ಟರ್‌ಗಳಿದ್ದ ಉದ್ಯಾನಗಳು ಇರಲಿಲ್ಲವೆಂದಲ್ಲ. ಆದರೆ ಇಡೀ ಆವರಣವನ್ನು ಒಂದು ಕಥೆಯ ಲೋಕವಾಗಿ ಕಟ್ಟುವ ಕ್ರಮಕ್ಕೆ ಜಗದ್ವ್ಯಾಪಿ ಮಾದರಿಯಾದದ್ದು ಅದೇ. ಅಂದಿನಿಂದ ಅಭಿಮಾನಿಗಳಲ್ಲಿ ಎರಡು ಪಂಗಡಗಳಿವೆ. ಕಥೆ, ಕಟ್ಟಡ, ಸಂಗೀತ ಮತ್ತು ವಾತಾವರಣವೇ ಮುಖ್ಯವೆಂಬುದು ಒಂದು ಪಕ್ಷ. ಎತ್ತರ, ವೇಗ ಮತ್ತು ರೋಮಾಂಚನವೇ ಮುಖ್ಯವೆಂಬುದು ಇನ್ನೊಂದು ಪಕ್ಷ.

ಭಾರತದಲ್ಲಿ ಈ ಎರಡು ಮಾರ್ಗಗಳಿಗೂ ಸ್ಪಷ್ಟವಾದ ನಿದರ್ಶನಗಳಿವೆ. ವಿ-ಗಾರ್ಡ್ ಸಂಸ್ಥೆಯ ಸ್ಥಾಪಕರಾದ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಆರಂಭಿಸಿದರು. 2005ರಲ್ಲಿ ಬಿಡದಿಯಲ್ಲಿ ವಂಡರ್‌ಲಾ ತೆರೆಯಿತು. ಮುಂದೆ ಕೊಚ್ಚಿಯ ಉದ್ಯಾನಕ್ಕೂ ಅದೇ ಹೆಸರು ಬಂದಿತು. 2014ರಲ್ಲಿ ಸಂಸ್ಥೆಯ ಷೇರುಗಳು ಮಾರುಕಟ್ಟೆಗೆ ಬಂದವು. 2016ರಲ್ಲಿ ಹೈದರಾಬಾದ್, 2024ರಲ್ಲಿ ಭುವನೇಶ್ವರ ಮತ್ತು 2025ರಲ್ಲಿ ಚೆನ್ನೈ ಸೇರ್ಪಡೆಯಾದವು. ಒಂದು ಉದ್ಯಾನ ಕಾಲೂರಿದ ಮೇಲೆ ಇನ್ನೊಂದಕ್ಕೆ ಕೈಹಾಕುವ, ನೀರಿನ ಆಟ ಹಾಗೂ ರೈಡ್‌ಗಳನ್ನು ನೆಚ್ಚಿಕೊಂಡ ಕ್ರಮವಿದು. ಕೆಲವು ರೈಡ್‌ಗಳನ್ನು ಕೊಚ್ಚಿಯ ಸ್ವಂತ ಕಾರ್ಯಾಗಾರದಲ್ಲಿಯೇ ತಯಾರಿಸಿಕೊಳ್ಳುವುದು ಇದರ ವೈಶಿಷ್ಟ್ಯ.

ಇದಕ್ಕೆ ವ್ಯತಿರಿಕ್ತವಾಗಿ ಮಹಾರಾಷ್ಟ್ರದ ಖೋಪೋಲಿಯಲ್ಲಿ 2013ರಲ್ಲಿ ಆರಂಭವಾದ ಇಮ್ಯಾಜಿಕಾ ಕಥಾಪ್ರಧಾನ ಮಾರ್ಗವನ್ನು ಹಿಡಿಯಿತು. ಅಭಿಮಾನಿಗಳಲ್ಲಿ ಅನೇಕರು ಇಂದಿಗೂ ಅದರ ಅಲಂಕಾರ ಮತ್ತು ಕಥಾ ಸಂಯೋಜನೆಯನ್ನು ಮೆಚ್ಚುತ್ತಾರೆ. ಆದರೆ ಯೋಜನೆಯ ಬಹುಪಾಲು ಹಣ ಸಾಲದ್ದಾಗಿತ್ತು. 2015ರಲ್ಲಿ ಷೇರು ಮಾರುಕಟ್ಟೆಗೆ ಬಂದರೂ ಬಡ್ಡಿಯ ಹೊರೆ ಇಳಿಯಲಿಲ್ಲ. ಕೊರೊನಾ ಕಾಲದಲ್ಲಿ ಬಾಗಿಲು ಮುಚ್ಚಬೇಕಾಯಿತು. ಕೊನೆಗೆ 2022ರಲ್ಲಿ ಆಡಳಿತವು ಮಾಲ್ಪಾಣಿ ಸಮೂಹದ ಕೈಸೇರಿತು. ಗ್ರಾಹಕನ ಮೆಚ್ಚುಗೆ ಬೇರೆ, ಬ್ಯಾಂಕಿನ ಕಂತು ಬೇರೆ ಎಂಬುದನ್ನು ಈ ಎರಡು ಸಂಸ್ಥೆಗಳ ಹೋಲಿಕೆ ತಿಳಿಸುತ್ತದೆ. ಕಥೆ ಸೋತಿತು, ಯಂತ್ರ ಗೆದ್ದಿತು ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಸೋತದ್ದು ಬಂಡವಾಳದ ಹೊಂದಾಣಿಕೆ.

ಸಾಲಿನ ಪ್ರಶ್ನೆ, ದರದ ಪ್ರಶ್ನೆ

ಅಭಿಮಾನಿಗಳ ಎರಡನೆಯ ದೊಡ್ಡ ತಕರಾರು ಸಾಲಿಗೆ ಸಂಬಂಧಿಸಿದ್ದು. ಡಿಸ್ನಿ ಸಂಸ್ಥೆ 1999ರಲ್ಲಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ಚೀಟಿ ಪಡೆದು ನಿಗದಿತ ವೇಳೆಗೆ ಬಂದವರು ಹೆಚ್ಚು ಕಾಯದೆ ಒಳಹೋಗಬಹುದಿತ್ತು. ಮೂಲತಃ ಅದಕ್ಕೆ ಪ್ರತ್ಯೇಕ ಶುಲ್ಕವಿರಲಿಲ್ಲ. 2021ರಲ್ಲಿ ಅಮೆರಿಕದ ಉದ್ಯಾನಗಳಲ್ಲಿ ಅದರ ಸ್ಥಾನದಲ್ಲಿ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಬಂದಿತು. ಹಿಂದೆ ಟಿಕೆಟ್ಟಿನೊಳಗೇ ಇದ್ದ ಸೌಲಭ್ಯಕ್ಕೆ ಈಗ ಬೇರೆ ಬೆಲೆ ತೆರಬೇಕಾಗಿದೆ ಎಂಬುದು ಹಳೆಯ ಅಭಿಮಾನಿಗಳ ದೂರು. ಸಮಯವೇ ಅಮೂಲ್ಯವಾದವರು ಹೆಚ್ಚು ಕೊಟ್ಟರೆ ತಪ್ಪೇನು ಎಂಬುದು ಇನ್ನೊಂದು ಪಕ್ಷದ ಸಮರ್ಥನೆ. ವಂಡರ್‌ಲಾದಲ್ಲಿಯೂ ಫಾಸ್ಟ್‌ಟ್ರ್ಯಾಕ್ ಎಂಬ ಹೆಚ್ಚಿನ ದರದ ಟಿಕೆಟ್ ಇದ್ದು, ಹಬ್ಬ ಮತ್ತು ರಜಾದಿನಗಳಲ್ಲಿ ಇದೇ ವಾದ ಅಲ್ಲಿಯೂ ಕೇಳಿಬರುತ್ತದೆ.

ಅನುಭವಿ ಅಭಿಮಾನಿಗಳು ಸಾಲಿನ ಉದ್ದವನ್ನಷ್ಟೇ ನೋಡುವುದಿಲ್ಲ, ಅದರ ಕಾರಣವನ್ನೂ ಎಣಿಸುತ್ತಾರೆ. ಎರಡು ಗಾಡಿ ಓಡಬೇಕಾದ ರೋಲರ್ ಕೋಸ್ಟರ್‌ನಲ್ಲಿ ಒಂದೇ ಗಾಡಿ ಓಡಿದರೆ ಗಂಟೆಗೆ ಸಾಗುವ ಜನರ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಕಾಯುವ ಹೊತ್ತು ಇಮ್ಮಡಿಯಾಗುತ್ತದೆ. ಇನ್ನೊಂದು ಗಾಡಿ ಏಕೆ ನಿಂತಿದೆ? ಸಿಬ್ಬಂದಿ ಕಡಿತವೇ, ಬಿಡಿಭಾಗದ ಕೊರತೆಯೇ, ದುರಸ್ತಿಯೇ? ತೆಂಗಿನಕಾಯಿ ಮಂಡಿಯಲ್ಲಿ ಎರಡು ತಕ್ಕಡಿ ಇರಬೇಕಾದ ಕಡೆ ಒಂದೇ ಇದ್ದರೆ ರೈತರು ಮುಂದಿನ ವಾರ ಬೇರೆ ಮಂಡಿ ಹುಡುಕುವಂತೆಯೇ ಇದು. ಉಳಿಸಿದ ಒಬ್ಬ ನೌಕರನ ಸಂಬಳ ಪುಸ್ತಕದಲ್ಲಿ ಕಾಣುತ್ತದೆ; ಕಳೆದುಕೊಂಡ ಗಿರಾಕಿ ಅಲ್ಲಿ ಕಾಣುವುದಿಲ್ಲ.

ನಿರ್ವಹಣೆಯೇ ಬಂಡವಾಳ

ವಿಶ್ವದ ಅಭಿಮಾನಿಗಳಲ್ಲಿ ಬಹುಮಂದಿ ಶ್ರೇಷ್ಠವೆಂದು ಹೆಸರಿಸುವ ಉದ್ಯಾನಗಳಲ್ಲೊಂದು 2001ರ ಸೆಪ್ಟೆಂಬರ್ 4ರಂದು ಆರಂಭವಾದ ಟೋಕಿಯೋ ಡಿಸ್ನಿಸೀ. ವಿಶೇಷವೆಂದರೆ ಅದರ ಮಾಲೀಕತ್ವ ಡಿಸ್ನಿಯದಲ್ಲ. ಓರಿಯೆಂಟಲ್ ಲ್ಯಾಂಡ್ ಎಂಬ ಜಪಾನಿ ಕಂಪೆನಿ ಪರವಾನಗಿ ಪಡೆದು ಅದನ್ನು ನಡೆಸುತ್ತದೆ, ಡಿಸ್ನಿಗೆ ರಾಯಧನ ಸಲ್ಲಿಸುತ್ತದೆ. ಹೆಸರು, ಪಾತ್ರಗಳು ಒಂದೇ ಆದರೂ ಸ್ವಚ್ಛತೆ, ಬಣ್ಣ, ಸಿಬ್ಬಂದಿಯ ನಡವಳಿಕೆಗಳಲ್ಲಿ ಅಮೆರಿಕದ ಮೂಲ ಉದ್ಯಾನಗಳಿಗಿಂತ ಇದು ಮೇಲೆಂದು ಅಲ್ಲಿನ ಅಭಿಮಾನಿಗಳೇ ಹೇಳುತ್ತಾರೆ. 2024ರ ಜೂನ್ 6ರಂದು ಸುಮಾರು 320 ಶತಕೋಟಿ ಯೆನ್ ವೆಚ್ಚದಲ್ಲಿ ಅಲ್ಲಿ ಹೊಸ ವಿಭಾಗ ತೆರೆಯಿತು.

ಜರ್ಮನಿಯ ರುಸ್ಟ್ ಎಂಬ ಊರಿನಲ್ಲಿರುವ ಯೂರೋಪಾ-ಪಾರ್ಕ್ ಸಣ್ಣ ತಯಾರಕರಿಗೆ ಇನ್ನೂ ಹತ್ತಿರದ ಉದಾಹರಣೆ. ಮ್ಯಾಕ್ ಕುಟುಂಬ 1780ರಿಂದ ಗಾಡಿಗಳನ್ನು ಕಟ್ಟುತ್ತಿದ್ದ ಮನೆತನ. ಕುದುರೆ ಗಾಡಿಯಿಂದ ಜಾತ್ರೆಯವರ ಗಾಡಿಗಳಿಗೆ, ಅಲ್ಲಿಂದ ಜಾತ್ರೆಯ ಆಟದ ಯಂತ್ರಗಳಿಗೆ ಅವರ ಕಸುಬು ಬೆಳೆಯಿತು. ತಾವು ತಯಾರಿಸಿದ ರೈಡ್‌ಗಳನ್ನು ಖರೀದಿದಾರರಿಗೆ ತೋರಿಸುವ ಸಲುವಾಗಿ 1975ರಲ್ಲಿ ಉದ್ಯಾನ ತೆರೆದರು. ಇಂದು ಅದು ಯೂರೋಪಿನ ಅತಿ ಜನಪ್ರಿಯ ಉದ್ಯಾನಗಳಲ್ಲೊಂದು. ಆಡಳಿತ ಈಗಲೂ ಕುಟುಂಬದ ಕೈಯಲ್ಲಿಯೇ ಇದೆ. ಯಂತ್ರ ಮಾಡಿದವನೇ ಅದನ್ನು ನಡೆಸುವುದರಿಂದ ದುರಸ್ತಿಗೆ ಪರರ ಮುಖ ನೋಡಬೇಕಾಗಿಲ್ಲ.

ದೆಹಲಿಯ ಅಪ್ಪು ಘರ್ ಬೇರೊಂದು ಪಾಠವನ್ನು ಕಲಿಸುತ್ತದೆ. 1984ರ ನವೆಂಬರ್‌ನಲ್ಲಿ ಆರಂಭವಾಗಿ ಒಂದು ತಲೆಮಾರಿನ ಮಕ್ಕಳ ನೆನಪಾದ ಆ ಉದ್ಯಾನ 2008ರಲ್ಲಿ ಮುಚ್ಚಿತು. ನೆಲ ಸ್ವಂತದ್ದಾಗಿರಲಿಲ್ಲ, ಗುತ್ತಿಗೆಯದಾಗಿತ್ತು. ಜನಪ್ರಿಯತೆಯೊಂದೇ ನೆಲದ ಹಕ್ಕನ್ನು ಕೊಡುವುದಿಲ್ಲ.

ದೂರಿನ ಹಿಂದಿರುವ ಲೆಕ್ಕ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ಹೆದ್ದಾರಿ ಬದಿಯ ಜಮೀನಿನಲ್ಲಿ ರೆಸಾರ್ಟ್ ಅಥವಾ ಚಿಕ್ಕ ವಾಟರ್ ಪಾರ್ಕ್ ಮಾಡಿದರೆ ಹೇಗೆ ಎಂಬ ಯೋಚನೆ ಹಣವುಳ್ಳವರಲ್ಲಿ ಸಹಜವಾಗಿ ಬರುತ್ತದೆ. ಅಂಥವರ ಅನುಕೂಲಕ್ಕಾಗಿ ಒಂದು ಕಾಲ್ಪನಿಕ ಲೆಕ್ಕವನ್ನು ನೋಡಬಹುದು.

ಜಮೀನು ಬಿಟ್ಟು ಯೋಜನೆಯ ವೆಚ್ಚ ರೂ. 5 ಕೋಟಿ, ಅದರಲ್ಲಿ ಸಾಲ ರೂ. 3 ಕೋಟಿ, ಬಡ್ಡಿ ಶೇಕಡಾ 11 ಎಂದಿಟ್ಟುಕೊಳ್ಳೋಣ. ಮೊದಲ ವರ್ಷದ ಬಡ್ಡಿ ರೂ. 33 ಲಕ್ಷ. ಆಸ್ತಿಯ ಬಾಳಿಕೆ 15 ವರ್ಷವೆಂದರೆ ಸವಕಳಿ ಸುಮಾರು ರೂ. 33 ಲಕ್ಷ. ಸಂಬಳ, ವಿದ್ಯುತ್, ನೀರಿನ ಶುದ್ಧೀಕರಣ, ವಿಮೆ, ದುರಸ್ತಿ ಸೇರಿ ರೂ. 60 ಲಕ್ಷ. ಒಟ್ಟು ರೂ. 1 ಕೋಟಿ 26 ಲಕ್ಷ. ಜಿಎಸ್‌ಟಿ ಬಿಟ್ಟು ತಲೆಗೆ ರೂ. 300 ದೊರೆಯುವುದಾದರೆ ಲಾಭನಷ್ಟವಿಲ್ಲದೆ ನಿಲ್ಲಲು ವರ್ಷಕ್ಕೆ 42,000 ಜನ ಬೇಕು. ಮಳೆಗಾಲ, ಪರೀಕ್ಷೆಯ ದಿನಗಳು ಮತ್ತು ವಾರದ ನಡುವಿನ ದಿನಗಳನ್ನು ಕಳೆದು 120 ದಿನ ಮಾತ್ರ ಒಳ್ಳೆಯ ವ್ಯಾಪಾರವೆಂದರೆ ದಿನಕ್ಕೆ 350 ಜನ.

ಇಷ್ಟು ಜನ ಬಂದರೂ ಸಮಸ್ಯೆ ಮುಗಿಯುವುದಿಲ್ಲ. ಸಾಲವನ್ನು 7 ವರ್ಷಗಳಲ್ಲಿ ತೀರಿಸಬೇಕಾದರೆ ಅಸಲಿನ ಕಂತೇ ವರ್ಷಕ್ಕೆ ಸುಮಾರು ರೂ. 43 ಲಕ್ಷ. ಸವಕಳಿಯ ರೂಪದಲ್ಲಿ ಕೈಯಲ್ಲಿ ಉಳಿಯುವುದು ರೂ. 33 ಲಕ್ಷ. ಅಂದರೆ ಯಂತ್ರ ಬದಲಿಸಲು ಕೂಡಿಡಬೇಕಾದ ಹಣವೆಲ್ಲವೂ ಬ್ಯಾಂಕಿಗೆ ಹೋಗಿ, ಮೇಲೆ ರೂ. 10 ಲಕ್ಷ ಕೊರತೆ ಬೀಳುತ್ತದೆ. ಆಗ ಮಾಲೀಕನು ಮೊದಲು ಮುಂದೂಡುವುದು ಬಣ್ಣವನ್ನು, ನಂತರ ಹೊಸ ರೈಡನ್ನು, ಕೊನೆಗೆ ಬೇರಿಂಗ್ ಮತ್ತು ಬೆಲ್ಟಿನ ಬದಲಾವಣೆಯನ್ನು. ಮೊದಲ ಎರಡರಿಂದ ಗಿರಾಕಿ ಕೈತಪ್ಪುತ್ತಾನೆ. ಮೂರನೆಯದರಿಂದ ಜೀವಕ್ಕೇ ಅಪಾಯ. ಹೊಸತನಕ್ಕೆಂದು ವರ್ಷಕ್ಕೆ ರೂ. 15 ಲಕ್ಷ ತೆಗೆದಿಡಬೇಕಾದರೆ ಇನ್ನೂ 5,000 ಜನ ಬರಬೇಕು. ಉದ್ಯಾನ ಹಳೆಯದಾಯಿತು ಎಂಬ ಅಭಿಮಾನಿಯ ದೂರಿನ ಹಿಂದೆ ಎಷ್ಟೋ ಬಾರಿ ಇರುವುದು ಇದೇ ಲೆಕ್ಕ.

ತೆರಿಗೆಯ ವಿಚಾರವಾಗಿ ಎರಡು ಅಂಶಗಳು ಗಮನಾರ್ಹ. 2017ರ ಜುಲೈನಲ್ಲಿ ಜಿಎಸ್‌ಟಿ ಜಾರಿಯಾದಾಗ ಮನೋರಂಜನಾ ಉದ್ಯಾನಗಳ ಪ್ರವೇಶಕ್ಕೆ ಶೇಕಡಾ 28 ತೆರಿಗೆ ಇತ್ತು. 2018ರ ಜನವರಿಯಲ್ಲಿ ಅದನ್ನು ಶೇಕಡಾ 18ಕ್ಕೆ ಇಳಿಸಲಾಯಿತು. ಆ ಪ್ರಕಾರ ಮೇಲಿನ ರೂ. 300ರ ಟಿಕೆಟ್ ಗ್ರಾಹಕನಿಗೆ ರೂ. 354 ಆಗುತ್ತದೆ. ಯಂತ್ರ ಮತ್ತು ಅದರ ತಳಪಾಯದ ಮೇಲೆ ತೆತ್ತ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಾದರೂ ಸ್ವಂತಕ್ಕೆ ಕಟ್ಟಿಸುವ ಕಟ್ಟಡದ ಮೇಲೆ ದೊರೆಯುವುದಿಲ್ಲ. ಆದ್ದರಿಂದ ಗುತ್ತಿಗೆದಾರರ ಬಿಲ್ಲುಗಳಲ್ಲಿ ಇವೆರಡನ್ನೂ ಪ್ರತ್ಯೇಕವಾಗಿ ತೋರಿಸುವಂತೆ ಮೊದಲೇ ನೋಡಿಕೊಳ್ಳುವುದು ಒಳಿತು.

ಈ ಸೀಮೆಯ ಮಟ್ಟಿಗೆ

ಕಡೂರು, ಬೀರೂರು, ತರೀಕೆರೆಗಳು ಬಿ.ಎಚ್. ರಸ್ತೆಯ ಮೇಲಿವೆ. ಬೀರೂರು ರೈಲು ಜಂಕ್ಷನ್. ಅಜ್ಜಂಪುರ ಹುಬ್ಬಳ್ಳಿ ಮಾರ್ಗದಲ್ಲಿದೆ. ಕೆಮ್ಮಣ್ಣುಗುಂಡಿ, ಕಲ್ಲತ್ತಿಗಿರಿ, ಲಕ್ಕವಳ್ಳಿಯ ಭದ್ರಾ ಜಲಾಶಯ, ಅಮೃತಾಪುರದ ಹೊಯ್ಸಳ ದೇವಾಲಯ, ಸಖರಾಯಪಟ್ಟಣದ ಅಯ್ಯನಕೆರೆ ಹತ್ತಿರದಲ್ಲಿವೆ. ಜನ ಬರುವ ದಾರಿ ಇದೆ. ಆದರೆ ಬಿಡದಿಗೆ ಬೆಂಗಳೂರು ಮತ್ತು ಮೈಸೂರು ಎರಡೂ ನಗರಗಳ ಜನಬಲವಿದೆ; ಅದೇ ಲೆಕ್ಕಾಚಾರ ಇಲ್ಲಿಗೆ ಹೊಂದುವುದಿಲ್ಲ.

ಇಲ್ಲಿನ ನಿಜವಾದ ಮನೋರಂಜನಾ ಉದ್ಯಾನ ಜಾತ್ರೆಯೇ. ಎತ್ತಿನ ಗಾಡಿಗಳಿಗೆ ಹೆಸರಾದ ಅಂತರಘಟ್ಟೆಯಂತಹ ಜಾತ್ರೆಗಳಲ್ಲಿ ನೆಲಬಾಡಿಗೆ ಕೊಟ್ಟು ಕೆಲವು ದಿನ ಆಟ ನಡೆಸಿ ಮುಂದಿನ ಊರಿಗೆ ಹೊರಡುವ ರಾಟೆ ತೊಟ್ಟಿಲಿನವರಿಗೆ ಜನರನ್ನು ಕರೆತರುವ ಖರ್ಚಿಲ್ಲ. ಜನ ದೇವರಿಗೆಂದೇ ಬಂದಿರುತ್ತಾರೆ. ಪಾತ್ರೆ, ಬಳೆ, ಆಟಿಕೆ, ಮಂಡಕ್ಕಿ-ಖಾರದ ವ್ಯಾಪಾರಿಗಳಿಗೂ ಅದರಿಂದ ಲಾಭ. ಆದರೆ ಬಿಚ್ಚಿ ಕಟ್ಟುವ ಯಂತ್ರಗಳಲ್ಲಿ ಸುರಕ್ಷತೆಯೇ ದೊಡ್ಡ ಪ್ರಶ್ನೆ. ಜಾತ್ರಾ ಸಮಿತಿಗಳು ಮತ್ತು ಸ್ಥಳೀಯ ಸಂಸ್ಥೆಗಳು ಹರಾಜಿನ ಮೊತ್ತವನ್ನು ಮಾತ್ರ ನೋಡದೆ ಎಂಜಿನಿಯರರ ತಪಾಸಣಾ ಪತ್ರ ಹಾಗೂ ಮೂರನೆಯವರ ಹೊಣೆಯ ವಿಮೆಯನ್ನು ಕಡ್ಡಾಯ ಮಾಡಬೇಕು. ತಪಾಸಣೆ, ವೆಲ್ಡಿಂಗ್, ಬೋಲ್ಟ್ ಮತ್ತು ಬೆಲ್ಟ್ ಬದಲಾವಣೆ, ಫೈಬರ್ ಅಚ್ಚಿನ ದುರಸ್ತಿ ಇವೆಲ್ಲ ಸ್ಥಳೀಯ ಕಾರ್ಯಾಗಾರಗಳಿಗೆ ಒದಗುವ ಕೆಲಸಗಳೇ.

ಕಥೆಯ ವಿಷಯದಲ್ಲಿಯೂ ಹೊರಗೆ ಹುಡುಕಬೇಕಾಗಿಲ್ಲ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಉತ್ಸವ್ ರಾಕ್ ಗಾರ್ಡನ್ ಉತ್ತರ ಕರ್ನಾಟಕದ ಹಳ್ಳಿಯ ಬದುಕನ್ನೇ ಶಿಲ್ಪಗಳಲ್ಲಿ ನಿಲ್ಲಿಸಿ ಹೆದ್ದಾರಿಯ ಪ್ರವಾಸಿಗರನ್ನು ಸೆಳೆದಿದೆ. ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದ ಹಿಂದೆ ಮೈಸೂರು ಅರಸರ ಬೆಣ್ಣೆ ಚಾವಡಿಯಿಂದ ಟಿಪ್ಪುವಿನ ಸೈನ್ಯದವರೆಗಿನ ಇತಿಹಾಸವಿದೆ. ಅಂತಹ ಕಥೆಗೆ ಪರವಾನಗಿ ಶುಲ್ಕವಿಲ್ಲ.

ಉದ್ಯಾನ ಯಾವುದೇ ಇರಲಿ, ಅಥವಾ ಅಂಗಡಿ, ಹೋಟೆಲು, ಲಾಡ್ಜೇ ಇರಲಿ, ಹೂಡಿಕೆಗೆ ಮುನ್ನ ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳಬೇಕು: ನೆಲದ ಹಕ್ಕು ಎಷ್ಟು ವರ್ಷಗಳದ್ದು, ಸಾಲದ ಕಂತು ಸವಕಳಿಯ ಮೊತ್ತವನ್ನು ಮೀರುತ್ತದೆಯೇ, ಐದನೆಯ ವರ್ಷದಲ್ಲಿ ಹೊಸದೇನನ್ನಾದರೂ ತೋರಿಸಲು ಹಣ ಉಳಿಯುತ್ತದೆಯೇ. ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ ಸಾಲದ ಅರ್ಜಿಗೆ ಸಹಿ ಮಾಡುವುದನ್ನು ಮುಂದೂಡುವುದೇ ಕ್ಷೇಮ.