ಉತ್ತರಕಥೆಯ ಪ್ರಶ್ನೆ: ಯಕ್ಷಗಾನ ಪ್ರಸಂಗಗಳನ್ನು ಕುರಿತು ಒಂದು ವಿಚಾರ

೧

ಮುಗಿದ ಕಥೆಯನ್ನು ಮತ್ತೆ ಮುಂದುವರಿಸುವುದು ಉಚಿತವೇ ಎಂಬ ಪ್ರಶ್ನೆಯು ಕಾವ್ಯಮೀಮಾಂಸಕರಿಗಿಂತಲೂ ಹೆಚ್ಚಾಗಿ ಕಥಾರಸಿಕರನ್ನು ಕಾಡತಕ್ಕ ಪ್ರಶ್ನೆಯಾಗಿದೆ. ನಾಯಕನು ಗೆದ್ದು, ಪಟ್ಟವೇರಿ, ಮಂಗಳವಾದ ಮೇಲೆ ಅವನನ್ನು ಪುನಃ ರಂಗಕ್ಕೆ ಕರೆತಂದರೆ ಮೊದಲಿನ ಮಂಗಳವು ಉಳಿಯುವುದೆ? ಕರೆತರದಿದ್ದರೆ, ಮೊದಲ ಕಥೆಯಲ್ಲಿ ಉತ್ತರ ದೊರೆಯದ ಧರ್ಮಸಂಕಟಗಳಿಗೆ ಗತಿಯೇನು? ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಯಕ್ಷಗಾನವನ್ನು ರಾತ್ರಿಯೆಲ್ಲ ಕುಳಿತು ನೋಡಿ, ಮರುದಿನ ಅದರ ಅರ್ಥಗಾರಿಕೆಯನ್ನು ಚರ್ಚಿಸುವ ಪದ್ಧತಿಯು ಬಹುಕಾಲದಿಂದ ಬಂದಿದೆ. ಆ ಚರ್ಚೆಗಳ ಅಡಿಯಲ್ಲಿ ಈ ಪ್ರಶ್ನೆಯು ಹೆಸರಿಲ್ಲದೆಯೇ ಅಡಗಿರುತ್ತದೆ. ಅದನ್ನು ಹೊರತೆಗೆದು, ಎರಡು ಪಕ್ಷಗಳ ವಾದಗಳನ್ನೂ ತೂಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹಳೆಯ ಪಾತ್ರಗಳು ಕಾಣಿಸಿಕೊಂಡ ಮಾತ್ರಕ್ಕೆ ಕಥೆಯು ಉತ್ತರಕಥೆಯಾಗುವುದಿಲ್ಲ. ಹಿಂದಿನ ಕಥೆಯ ಫಲವು ಯಾವ ಕಥೆಗೆ ಬೀಜವಾಗುವುದೋ ಅದನ್ನು ಮಾತ್ರ ಇಲ್ಲಿ ನೇರವಾದ ಉತ್ತರಕಥೆ ಎಂದು ಕರೆದಿದೆ. 'ಮೋಹಿನೀ ಭಸ್ಮಾಸುರ'ದಂತಹ ಪ್ರಸಂಗವು ಒಂದೇ ರಾತ್ರಿಯಲ್ಲಿ ಹುಟ್ಟಿ ಒಂದೇ ರಾತ್ರಿಯಲ್ಲಿ ತೀರುವುದು. ಭಸ್ಮಾಸುರನು ಬೂದಿಯಾದ ಮೇಲೆ ಕೇಳತಕ್ಕದ್ದೇನೂ ಉಳಿಯದು. 'ಬಭ್ರುವಾಹನ ಕಾಳಗ'ವು ಹಾಗಲ್ಲ. ಭೀಷ್ಮಪರ್ವವನ್ನು ಅರಿಯದವನಿಗೆ ಅದರ ತಿರುಳು ತಿಳಿಯಲಾರದು.

೨

ಈ ವಿವಾದದ ಬೇರು ನಮ್ಮ ಕಾವ್ಯಪರಂಪರೆಯಲ್ಲಿಯೇ ಇದೆ. ಪಂಪನು ೯೪೧ರ ಸುಮಾರಿಗೆ ರಚಿಸಿದ 'ವಿಕ್ರಮಾರ್ಜುನ ವಿಜಯ'ವನ್ನು ಅರ್ಜುನನ ಪಟ್ಟಾಭಿಷೇಕದಿಂದ ಮುಗಿಸಿ, ಕಥೆಯ ಬಾಗಿಲನ್ನು ಭದ್ರವಾಗಿ ಹಾಕಿದನು. ಕುಮಾರವ್ಯಾಸನೂ ತನ್ನ ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಿದನು. ಗದಾಪರ್ವವೂ ಧರ್ಮರಾಯನ ಪಟ್ಟವೂ ಆದ ಮೇಲೆ ಅವನಿಗೆ ಹೇಳತಕ್ಕದ್ದಿರಲಿಲ್ಲ. ಆದರೆ ಮೂಲದಲ್ಲಿ ಪರ್ವಗಳು ಹದಿನೆಂಟು. ಆದುದರಿಂದ ಕೃಷ್ಣದೇವರಾಯನ ಕಾಲದಲ್ಲಿ (೧೫೦೯–೧೫೨೯) ತಿಮ್ಮಣ್ಣ ಕವಿಯು ಶಾಂತಿಪರ್ವದಿಂದ ಮುಂದಿನ ಕಥೆಯನ್ನು ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಪೂರ್ತಿಗೊಳಿಸಿದನು. ಅದಕ್ಕೆ 'ಕೃಷ್ಣರಾಯ ಭಾರತ'ವೆಂದು ಹೆಸರು.

ಇತ್ತ ದೇವನೂರಿನ ಲಕ್ಷ್ಮೀಶನು ಹಿಡಿದ ದಾರಿಯೇ ಬೇರೆ. ಅವನು ಉಳಿದ ಪರ್ವಗಳನ್ನೆಲ್ಲ ಕೈಗೆತ್ತಿಕೊಳ್ಳದೆ, ಜೈಮಿನಿಯ ಅಶ್ವಮೇಧಪರ್ವವೊಂದನ್ನೇ ಆರಿಸಿ, ಮೂವತ್ತನಾಲ್ಕು ಸಂಧಿಗಳಲ್ಲಿ ವಾರ್ಧಕ ಷಟ್ಪದಿಯಲ್ಲಿ ಹಾಡಿದನು. ಜನರು ಯಾವುದನ್ನು ಉಳಿಸಿಕೊಂಡರು ಎಂಬುದನ್ನು ನೋಡಿದರೆ ಒಂದು ಪಾಠವು ದೊರೆಯುತ್ತದೆ. ತಿಮ್ಮಣ್ಣನ ಕೃತಿಯು ಪಂಡಿತರ ಮೇಜಿನ ಮೇಲೆ ಉಳಿಯಿತು. 'ಜೈಮಿನಿ ಭಾರತ'ವು ಮನೆಮನೆಯ ವಾಚನದಲ್ಲಿಯೂ ಆಟದ ರಂಗಸ್ಥಳದಲ್ಲಿಯೂ ಬೆಳೆಯಿತು. ಎರಡೂ ಉತ್ತರಕಥೆಗಳೇ. ಆದರೆ ಒಂದು 'ಬಾಕಿ ಉಳಿದುದನ್ನು ಹೇಳಿ ಮುಗಿಸೋಣ' ಎಂಬ ಕರ್ತವ್ಯದಿಂದ ಹುಟ್ಟಿದುದು. ಇನ್ನೊಂದು 'ಹೊಸದಾಗಿ ಹೇಳತಕ್ಕದ್ದಿದೆ' ಎಂಬ ಉತ್ಸಾಹದಿಂದ ಹುಟ್ಟಿದುದು. ಉತ್ತರಕಥೆಯ ಸೋಲು ಗೆಲವುಗಳಿಗೆ ಈ ವ್ಯತ್ಯಾಸವೇ ಮುಖ್ಯ ಕಾರಣವೆಂದು ತೋರುತ್ತದೆ.

೩

ಶರಾವತಿ, ಅಘನಾಶಿನೀ ನದಿಗಳ ನಡುವಣ ಸೀಮೆಯು ಯಕ್ಷಗಾನದ ಬಡಾಬಡಗು ಶೈಲಿಗೆ ತವರು. ಕರ್ಕಿಯ ಹಾಸ್ಯಗಾರ ಮನೆತನವೂ ಗುಣವಂತೆಯ ಕೆರೆಮನೆ ಮನೆತನವೂ ಹೊನ್ನಾವರ ತಾಲ್ಲೂಕಿನವು. ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ೨೦೧೨ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ (೧೯೩೩–೨೦೧೭) ಇದೇ ತಾಲ್ಲೂಕಿನವರು.

ಒಂದೇ ಕಥೆಯು ಹಲವು ನೆಲೆಗಳಲ್ಲಿ ಮುಂದುವರಿಯುವುದು ಇಲ್ಲಿಯ ಜನರಿಗೆ ಹೊಸದಲ್ಲ. ರಾವಣನ ಆತ್ಮಲಿಂಗದ ಕಥೆಯನ್ನು ನೋಡಬಹುದು. ಲಿಂಗವು ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ ನೆಲೆನಿಂತ ಮೇಲೆಯೂ ಕಥೆಯು ನಿಲ್ಲದೆ, ರಾವಣನು ಕಿತ್ತೆಸೆದ ಅಂಗಗಳೊಡನೆ ಅದೇ ತಾಲ್ಲೂಕಿನ ಧಾರೇಶ್ವರಕ್ಕೂ ಹೊನ್ನಾವರದ ಗುಣವಂತೆಗೂ ಭಟ್ಕಳದ ಮುರುಡೇಶ್ವರಕ್ಕೂ ಹಬ್ಬುತ್ತದೆ. ಪ್ರತಿಯೊಂದು ಕ್ಷೇತ್ರಕ್ಕೂ ಅದರ ಪಾಲಿನ ಕಥೆಯುಂಟು. ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ.

ಯಕ್ಷಗಾನದ ಪ್ರಸಂಗವು ಮುದ್ರಣದಲ್ಲಿಯೂ ಓಲೆಗರಿಯಲ್ಲಿಯೂ ಪದ್ಯಗಳ ಮಾಲೆ ಮಾತ್ರ. ಭಾಗವತನು ಪದ್ಯವನ್ನು ಹಾಡುತ್ತಾನೆ. ವೇಷಧಾರಿಯು ಅದನ್ನು ಕುಣಿದು, ಅನಂತರ ತನ್ನ ಮಾತಿನಲ್ಲಿ ಅರ್ಥ ಹೇಳುತ್ತಾನೆ. ಈ ಮಾತು ಬರೆದಿಟ್ಟುದಲ್ಲ, ಆಗಿನದಾಗ ಹುಟ್ಟತಕ್ಕದ್ದು. ಆದುದರಿಂದ ಒಂದು ಪ್ರಸಂಗವು ಹಿಂದಿನ ಕಥೆಗೆ ಎಷ್ಟು ಅಂಟಿಕೊಂಡಿರಬೇಕೆಂಬುದನ್ನು ಕವಿಯೊಬ್ಬನೇ ನಿರ್ಧರಿಸಲಾರನು. ಅರ್ಜುನನ ಪಾತ್ರಧಾರಿಯು ಕುರುಕ್ಷೇತ್ರವನ್ನು ಸ್ಮರಿಸಿದರೆ ಪ್ರಸಂಗವು ಉತ್ತರಕಥೆಯಾಗುವುದು. ಸ್ಮರಿಸದಿದ್ದರೆ ಅದೇ ಪದ್ಯಗಳು ಸ್ವತಂತ್ರವಾದ ಕಾಳಗವಾಗುವುವು. ಅರ್ಜುನನು ಗೆದ್ದ ಯುದ್ಧದ ಭಾರವನ್ನು ಹೊತ್ತಿದ್ದಾನೆಂಬುದು ಮಾತಿನಿಂದಲೇ ತಿಳಿಯಬೇಕು. ಈ ವಿಶೇಷವನ್ನು ಮರೆತು ವಾದಿಸಿದರೆ ಎರಡು ಪಕ್ಷಗಳೂ ಗಾಳಿಯಲ್ಲಿ ಕತ್ತಿ ಬೀಸಿದಂತಾಗುವುದು.

೪

ಉತ್ತರಕಥೆಯನ್ನು ಒಪ್ಪದವರ ಆಕ್ಷೇಪಗಳು ಮೂರು.

ಒಂದನೆಯದು, ನಾಯಕನ ತೇಜೋಹಾನಿ. ಕರ್ಣನನ್ನು ಗೆದ್ದ ಅರ್ಜುನನು ಸುಧನ್ವನೆದುರು ಏದುಸಿರು ಬಿಡುತ್ತಾನೆ. ಕೃಷ್ಣನು ತನ್ನ ಪುಣ್ಯವನ್ನು ಬಾಣಕ್ಕೆ ಧಾರೆಯೆರೆದರೆ ಮಾತ್ರ ಅವನ ಪ್ರತಿಜ್ಞೆ ಉಳಿಯುವುದು. ತಾಮ್ರಧ್ವಜನೆದುರು ಕೃಷ್ಣಾರ್ಜುನರಿಬ್ಬರೂ ಸೋಲುತ್ತಾರೆ. ಮಣಿಪುರದಲ್ಲಂತೂ ಮಗನ ಬಾಣದಿಂದ ಅರ್ಜುನನ ತಲೆಯೇ ಉರುಳುತ್ತದೆ. ಹೊಸ ವೀರನನ್ನು ಎತ್ತಿ ತೋರಿಸಲು ಹಳೆಯ ವೀರನನ್ನು ಕುಗ್ಗಿಸಬೇಕೆ ಎಂಬುದು ಇವರ ಪ್ರಶ್ನೆ.

ಎರಡನೆಯದು, ಮರಣದ ಲಘುತ್ವ. ಅಭಿಮನ್ಯುವು ಸತ್ತನೆಂದರೆ ಸತ್ತನು. ಕುರುಕ್ಷೇತ್ರದಲ್ಲಿ ಅವನನ್ನು ಎಬ್ಬಿಸುವವರಿಲ್ಲ. ಅಶ್ವಮೇಧದ ಕಥೆಗಳಲ್ಲಿ ಸತ್ತವರು ಮಣಿಯಿಂದಲೋ ಕೃಷ್ಣನ ಕೃಪೆಯಿಂದಲೋ ಎದ್ದು ಕುಳಿತುಕೊಳ್ಳುತ್ತಾರೆ. ಹೀಗಾದರೆ ಹಿಂದಿನ ಕಥೆಯ ಶೋಕಕ್ಕೂ ಬೆಲೆ ಕಡಿಮೆಯಾಗುವುದೆಂದು ಇವರ ಅಭಿಪ್ರಾಯ.

ಮೂರನೆಯದು, ಮಂಗಳದ ಭಂಗ. ಪಟ್ಟಾಭಿಷೇಕದಲ್ಲಿ ಮುಗಿದ ರಾಮಾಯಣಕ್ಕೆ ಸೀತಾಪರಿತ್ಯಾಗವನ್ನು ಜೋಡಿಸಿದರೆ, ಲಂಕೆಯ ಯುದ್ಧವೇ ವ್ಯರ್ಥವಾದಂತೆ ತೋರುವುದಿಲ್ಲವೆ?

೫

ಈ ಆಕ್ಷೇಪಗಳು ನಿಸ್ಸಾರವಾದುವಲ್ಲ. ಆದರೆ ಉತ್ತರಕಥೆಯನ್ನು ಸಮರ್ಥಿಸುವವರು ಲಕ್ಷ್ಮೀಶನ ಕಥೆಯ ಕಟ್ಟಡವನ್ನೇ ಸಾಕ್ಷಿಗೆ ಕರೆಯುತ್ತಾರೆ.

ಅರ್ಜುನನು ಮಣಿಪುರದಲ್ಲಿ ಮಡಿಯುವುದು ಆಕಸ್ಮಿಕವಲ್ಲ. ನೀಲಧ್ವಜನ ರಾಣಿಯಾದ ಜ್ವಾಲೆಯು, ತನ್ನ ಮಗನನ್ನು ಕಳೆದುಕೊಂಡ ರೋಷದಿಂದ ಗಂಗೆಯ ಬಳಿಗೆ ಹೋಗಿ, ಭೀಷ್ಮನನ್ನು ಅರ್ಜುನನು ಕೊಂದ ರೀತಿಯನ್ನು ನೆನಪಿಗೆ ತರುತ್ತಾಳೆ. ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿಯಾದ ಗಂಗೆಯು ಅರ್ಜುನನಿಗೆ ಮಗನಿಂದಲೇ ಮರಣವಾಗಲೆಂದು ಶಪಿಸುತ್ತಾಳೆ. ಜ್ವಾಲೆಯು ಬೆಂಕಿಯನ್ನು ಹೊಕ್ಕು ಬಭ್ರುವಾಹನನ ಬತ್ತಳಿಕೆಯ ಬಾಣವಾಗುತ್ತಾಳೆ. ವ್ಯಾಸಭಾರತದ ಆಶ್ವಮೇಧಿಕಪರ್ವದಲ್ಲಿಯೂ ಉಲೂಪಿಯು ಈ ಮರಣವನ್ನು ಭೀಷ್ಮವಧೆಯ ಪ್ರಾಯಶ್ಚಿತ್ತವೆಂದೇ ವಿವರಿಸುತ್ತಾಳೆ. ಶಿಖಂಡಿಯನ್ನು ಮುಂದಿಟ್ಟುಕೊಂಡು ಬಿಟ್ಟ ಬಾಣಗಳ ಸಾಲವನ್ನು ಭಾರತಯುದ್ಧವು ವಸೂಲು ಮಾಡಿರಲಿಲ್ಲ. ಉತ್ತರಕಥೆಯು ವಸೂಲು ಮಾಡಿತು. ಇದನ್ನು ತೇಜೋಹಾನಿಯೆನ್ನುವುದಕ್ಕಿಂತ ಋಣವಿಮೋಚನೆಯೆನ್ನುವುದು ಯುಕ್ತ.

ಇನ್ನೊಂದು ನಿದರ್ಶನವು ವೃಷಕೇತು. ಕರ್ಣನ ಮಗನಾದ ಇವನು ಯಜ್ಞಾಶ್ವದ ಬೆನ್ನ ಹಿಂದೆ ಅರ್ಜುನನೊಡನೆ ಹೋಗುತ್ತಾನೆ. ತಂದೆಯನ್ನು ಕೊಂದವನ ಪಕ್ಕದಲ್ಲಿ ನಿಂತು, ಅವನಿಗಾಗಿ ಕಾದುವ ತರುಣನಿಗಿಂತ ದೊಡ್ಡ ಉತ್ತರಕಥೆಯುಂಟೆ? ಕರ್ಣಪರ್ವದ ಆಟದಲ್ಲಿ ಕರ್ಣನ ಮರಣಕ್ಕೆ ಕಣ್ಣೀರಿಟ್ಟ ಪ್ರೇಕ್ಷಕರ ಮುಂದೆ, ಇನ್ನೊಂದು ರಾತ್ರಿ ವೃಷಕೇತುವು ಬಂದು ನಿಂತಾಗ, ಪದ್ಯವು ಏನನ್ನೂ ಹೇಳದಿದ್ದರೂ ಹಿಂದಿನ ರಾತ್ರಿಯು ರಂಗಸ್ಥಳದಲ್ಲಿ ಇರುತ್ತದೆ. ಸಮರ್ಥನಾದ ಅರ್ಥಧಾರಿಯು ಇಲ್ಲಿ ಒಂದೆರಡು ಮಾತುಗಳಿಂದ ಮಾಡಬಲ್ಲ ಕೆಲಸವನ್ನು ಹೊಸ ಕಾವ್ಯವೊಂದು ಮಾಡಲಾರದು.

೬

ರಾಮಾಯಣದ ವಿಷಯವು ಇದಕ್ಕಿಂತ ಸೂಕ್ಷ್ಮ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಾರದಲ್ಲಿರುವ ರಾಮಾಯಣ ಪ್ರಸಂಗಗಳು ಪುತ್ರಕಾಮೇಷ್ಟಿಯಿಂದ ಮೊದಲಾಗಿ ಲಂಕೆಯ ಕಾಳಗಗಳನ್ನು ದಾಟಿ ಕುಶಲವರ ಕಾಳಗದವರೆಗೆ ಹಬ್ಬಿವೆ. ಅಂದರೆ ಈ ಮಾಲೆಯನ್ನು ಕಟ್ಟಿದವರು ಉತ್ತರಕಥೆಯನ್ನು ಹೊರಗಿನದೆಂದು ಎಣಿಸಲಿಲ್ಲ. ಲಕ್ಷ್ಮೀಶನು ಈ ಕಥೆಯನ್ನು ಬಭ್ರುವಾಹನನ ಕಥೆಯ ಗರ್ಭದಲ್ಲಿಯೇ ಇಟ್ಟಿರುವುದು ಗಮನಾರ್ಹ. ತಂದೆಯೂ ಮಗನೂ ಕಾದಿದ ಇನ್ನೊಂದು ನಿದರ್ಶನವಾಗಿ ಅದು ಬರುತ್ತದೆ. ಹೀಗೆ ಭಾರತದ ಉತ್ತರಕಥೆಯೊಳಗೆ ರಾಮಾಯಣದ ಉತ್ತರಕಥೆಯು ಕುಳಿತಿದೆ.

ಅದರ ಕೊನೆಯ ವಿಷಯದಲ್ಲಿ ಕವಿಗಳು ಒಂದೇ ಮತದವರಲ್ಲ. ವಾಲ್ಮೀಕಿಯ ಉತ್ತರಕಾಂಡದಲ್ಲಿ ಸೀತೆಯು ಭೂಮಿಯನ್ನು ಸೇರುತ್ತಾಳೆ. ರಾಮನ ಪೂರ್ವಕಥೆಯನ್ನು 'ಮಹಾವೀರಚರಿತ'ದಲ್ಲಿ ನಾಟಕವಾಗಿಸಿದ ಭವಭೂತಿಯು 'ಉತ್ತರರಾಮಚರಿತ'ದಲ್ಲಿ ಸತಿಪತಿಯರನ್ನು ಕೂಡಿಸಿದನು. ಜೈಮಿನಿಯ ಪರಂಪರೆಯೂ ಪುನರ್ಮಿಲನದ ಕಡೆಗೇ ಒಲಿದಿದೆ. ನಮ್ಮ ಕರಾವಳಿಯ ಮುದ್ದಣನೂ (೧೮೭೦–೧೯೦೧) ಪಟ್ಟಾಭಿಷೇಕವನ್ನು ಒಂದು ಕೃತಿಯಾಗಿಯೂ ಅಶ್ವಮೇಧವನ್ನು ಇನ್ನೊಂದು ಕೃತಿಯಾಗಿಯೂ ಬರೆದನು. ಮೊದಲನೆಯದು ಷಟ್ಪದಿಯಲ್ಲಿ, ಎರಡನೆಯದು ಗದ್ಯದಲ್ಲಿ. ಕಥೆಯು ಮುಂದುವರಿದಾಗ ರೀತಿಯೂ ಬದಲಾಗಬೇಕೆಂಬುದನ್ನು ಅವನು ಬಲ್ಲವನಾಗಿದ್ದನು.

ಈ ಭಿನ್ನತೆಯಿಂದ ಆಟದ ರಾಮನಿಗೆ ಕಠಿನವಾದ ಹೊಣೆ ಬೀಳುತ್ತದೆ. ಪಂಚವಟಿಯ ರಾಮನನ್ನು ಮೆಚ್ಚಿದ ಪ್ರೇಕ್ಷಕರೇ ಲವಕುಶದ ರಾಮನನ್ನು ಪ್ರಶ್ನಿಸುತ್ತಾರೆ. ಪರಿತ್ಯಾಗವನ್ನು ರಾಜಧರ್ಮವೆಂದು ಸಮರ್ಥಿಸಿದರೆ ಗಂಡನು ಕಾಣೆಯಾಗುತ್ತಾನೆ. ಪಶ್ಚಾತ್ತಾಪವನ್ನೇ ತೋಡಿಕೊಂಡರೆ ಅರಸನು ಕಾಣೆಯಾಗುತ್ತಾನೆ. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ದೊಡ್ಡ ಕಲಾವಿದರಿಗೆ ಮಾತ್ರ ಸಾಧ್ಯ. ಕೆರೆಮನೆ ಶಂಭು ಹೆಗಡೆಯವರು ೨೦೦೯ರಲ್ಲಿ ಇಡಗುಂಜಿಯಲ್ಲಿ ಧರಿಸಿದ ಕೊನೆಯ ವೇಷವು ಲವಕುಶ ಪ್ರಸಂಗದ ರಾಮನದೇ ಆಗಿತ್ತು. ಉತ್ತರಕಥೆಯು ಕೇವಲ ಬಾಲವಾಗಿದ್ದರೆ ಅಂತಹ ನಟರನ್ನು ಅದು ಕೊನೆಯವರೆಗೂ ಹಿಡಿದಿಡುತ್ತಿರಲಿಲ್ಲ.

೭

ಈ ವಿವಾದವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ಜಪಾನಿನಲ್ಲಿ ೧೯೮೭ರಲ್ಲಿ ಮೊದಲಾದ 'ಫೈನಲ್ ಫ್ಯಾಂಟಸಿ' ಎಂಬ ಗಣಕಯಂತ್ರದ ಕ್ರೀಡಾಮಾಲೆಯುಂಟು. ಅದರಲ್ಲಿ ಆಡುವವನು ಕಥೆಯ ಪಾತ್ರವನ್ನು ತಾನೇ ವಹಿಸಿ ನಡೆಯಿಸುತ್ತಾನೆ. ಸಂಖ್ಯೆಯಿಂದ ಗುರುತಿಸುವ ಪ್ರತಿಯೊಂದು ಕಥೆಗೂ ಲೋಕವೂ ಪಾತ್ರಗಳೂ ಬೇರೆ. ೨೦೦೧ರ ಹತ್ತನೆಯ ಕಥೆಯ ಕೊನೆಯಲ್ಲಿ ನಾಯಕನು ಮರೆಯಾಗಿ ಹೋಗುತ್ತಾನೆ. ೨೦೦೩ರಲ್ಲಿ ಅದಕ್ಕೆ ನೇರವಾದ ಉತ್ತರಕಥೆಯು ಹೊರಟಿತು. ಅದರಲ್ಲಿ ನಾಯಿಕೆಯಾದ ಯೂನಾಳ ಮುಂದಿನ ಜೀವನವು ಬರುತ್ತದೆ, ಮತ್ತು ಆಡುವವನು ಕೆಲವು ನಿಬಂಧನೆಗಳನ್ನು ಪೂರೈಸಿದರೆ ಮರೆಯಾದ ನಾಯಕನು ಮರಳಿ ಬರುತ್ತಾನೆ. ಮರಳಿದುದರಿಂದ ಮೊದಲ ಕಥೆಯ ತ್ಯಾಗವು ಹಗುರವಾಯಿತೆಂದು ಕೆಲವರು, ಉಳಿದವಳ ಬದುಕಿಗೂ ಕಥೆ ಬೇಕೆಂದು ಕೆಲವರು ವಾದಿಸುತ್ತಾರೆ. ಉಲೂಪಿಯ ಮಣಿಯನ್ನೂ ವನವಾಸದ ಸೀತೆಯನ್ನೂ ಬಲ್ಲವರಿಗೆ ಈ ವಾದದಲ್ಲಿ ಹೊಸದೇನೂ ಕಾಣಿಸದು. ಅಲ್ಲಿ ಕೊನೆಯನ್ನು ಆಡುವವನ ಕೈಗೆ ಬಿಟ್ಟಿರುವಂತೆ, ಇಲ್ಲಿ ಅದರ ಅರ್ಥವನ್ನು ಅರ್ಥಧಾರಿಯ ನಾಲಗೆಗೆ ಬಿಟ್ಟಿದೆ.

೮

ಇಷ್ಟರಿಂದ ಉತ್ತರಕಥೆಯನ್ನು ಒರೆಹಚ್ಚತಕ್ಕ ಒಂದು ನಿಕಷವನ್ನು ಊಹಿಸಬಹುದು. ಅದಕ್ಕೆ ಹೆಸರನ್ನು ರನ್ನನು ಆಗಲೇ ಕೊಟ್ಟಿದ್ದಾನೆ. 'ಗದಾಯುದ್ಧ'ದಲ್ಲಿ ಅವನು ಭಾರತದ ಕೊನೆಯ ಘಟ್ಟವನ್ನು ಹಿಡಿದು, ಸಿಂಹಾವಲೋಕನ ಕ್ರಮದಿಂದ ಹಿಂದಿನ ಕಥೆಯನ್ನೆಲ್ಲ ನೋಡಿದನು. ಮುಂದೆ ನಡೆಯುವ ಸಿಂಹವು ಹಿಂದಿರುಗಿ ನೋಡುವುದು ಭಯದಿಂದಲ್ಲ. ತಾನು ನಡೆದು ಬಂದ ದಾರಿಯನ್ನು ಅಳೆಯುವುದಕ್ಕಾಗಿ. ಉತ್ತರಕಥೆಯೂ ಹಾಗೆ ನೋಡಬಲ್ಲುದಾದರೆ ಅದು ಪೂರ್ವಕಥೆಯನ್ನು ಬೆಳಗುತ್ತದೆ. ಹಿಂದೆ ನೋಡದೆ, ಹಳೆಯ ಹೆಸರುಗಳನ್ನು ಮಾತ್ರ ಹೊತ್ತು ನಡೆದರೆ ಅದು ಬರಿಯ ಬಾಲವಾಗುವುದು.

ಸಾಹಿತ್ಯವನ್ನು ಬೋಧಿಸುವವರಿಗೆ ಇದರಿಂದ ಒಂದು ಪ್ರಯೋಜನವುಂಟು. 'ಜೈಮಿನಿ ಭಾರತ'ದ ಭಾಗಗಳನ್ನು ತರಗತಿಯಲ್ಲಿ ಬಿಡಿ ಕಥೆಗಳಾಗಿ ಓದಿಸುವುದು ವಾಡಿಕೆಯಾಗಿದೆ. ಚಂದ್ರಹಾಸನ ಕಥೆಗೆ ಇದರಿಂದ ನಷ್ಟವಿಲ್ಲ. ಅದು ತನ್ನಷ್ಟಕ್ಕೆ ಪೂರ್ಣವಾದುದು. ಆದರೆ ಜ್ವಾಲೆ, ವೃಷಕೇತು, ಬಭ್ರುವಾಹನರ ಭಾಗಗಳನ್ನು ಕುಮಾರವ್ಯಾಸನ ಭೀಷ್ಮ ಕರ್ಣ ಪರ್ವಗಳ ಪಕ್ಕದಲ್ಲಿಟ್ಟು ಓದಿಸದಿದ್ದರೆ, ವಿದ್ಯಾರ್ಥಿಗೆ ಕಾಳಗವು ಮಾತ್ರ ದೊರೆತು ಅದರ ಕಾರಣವು ತಪ್ಪಿಹೋಗುವುದು. ಮೇಳಗಳಿಗೂ ಈ ಮಾತು ಅನ್ವಯಿಸುತ್ತದೆ. ಕಾಲಮಿತಿಯ ಆಟಗಳಲ್ಲಿ ಯುದ್ಧದ ಪದ್ಯಗಳನ್ನು ಉಳಿಸಿಕೊಂಡು ಜ್ವಾಲೆಯ ಭಾಗವನ್ನು ಬಿಟ್ಟರೆ, ಸಮಯವು ಉಳಿದೀತು. ಆದರೆ ಮಗನ ಬಾಣಕ್ಕೆ ಅರ್ಜುನನು ಏಕೆ ಬಿದ್ದನೆಂದು ಪ್ರೇಕ್ಷಕನಿಗೆ ತಿಳಿಯದು. ಆಗ ತೇಜೋಹಾನಿಯ ಆಕ್ಷೇಪವೇ ನಿಜವಾದಂತಾಗುವುದು. ಉತ್ತರಕಥೆಯನ್ನು ಆಡುವುದಾದರೆ ಅದರ ಪೂರ್ವಸಂಬಂಧವನ್ನು ಕಡಿಯದೆ ಆಡಬೇಕೆಂಬುದೇ ಈ ವಿಚಾರದ ಫಲಿತಾಂಶ.