ಜೋತುಬಿದ್ದ ಕಾರಿನ ಬಾಗಿಲು

ಅಂಬಾಸಡರ್ ಕಾರನ್ನು ಇನ್ನೂ ಕೈಬಿಡದ ಸದಸ್ಯ ಬಾಂಧವರು ನಮ್ಮಲ್ಲಿ ಹಲವರಿದ್ದಾರೆ. 2014ರಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು. ಹೀಗಾಗಿ ಇರುವುದನ್ನೇ ದುರಸ್ತಿ ಮಾಡಿಸಿ ಬಳಸಬೇಕಾಗಿದೆ. ಇಂಜಿನ್ನಿನ ಸದ್ದು ತುಸು ಬದಲಾದರೂ ಮೆಕ್ಯಾನಿಕ್ಕಿನ ಬಳಿಗೆ ಓಡುವ ನಾವು, ಬಾಗಿಲನ್ನು ಎತ್ತಿ ಹಾಕಬೇಕಾಗಿ ಬಂದರೆ ಮಾತ್ರ ಸುಮ್ಮನಿರುತ್ತೇವೆ. ಘಾಟಿಯ ತಿರುವಿನಲ್ಲಿ ಆ ಬಾಗಿಲು ತೆರೆದುಕೊಂಡರೆ, ಅದಕ್ಕೆ ಒರಗಿ ಕುಳಿತ ಮಗುವಿನ ಗತಿಯೇನು?

ಈಚೆಗೆ ಗದಗ ತಾಲ್ಲೂಕಿನ ಸೊರಟೂರಕ್ಕೆ ಬಂಧುಗಳ ಮನೆಗೆ ಹೋಗಿದ್ದೆವು. (ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ ಮೊದಲುಗೊಂಡ ಹೊಯ್ಸಳರ ವಂಶದ ವೀರಬಲ್ಲಾಳನು 12ನೆಯ ಶತಮಾನದ ಕೊನೆಗೆ ಸೇವುಣರ ಭಿಲ್ಲಮನನ್ನು ಸೋಲಿಸಿದ್ದು ಇಲ್ಲಿಯೇ.) ಅವರ ಅಂಬಾಸಡರಿನ ಮುಂಬಾಗಿಲು ಜೋತಿತ್ತು. "ಸ್ವಲ್ಪ ಎತ್ತಿ ಹಾಕ್ರಿ, ಕೂಡತೈತಿ" ಎಂದರು. ಎರೆಭೂಮಿಯ ನುಣ್ಣನೆಯ ಧೂಳು ಬಿಜಾಗರಿಯ ಎಣ್ಣೆಯಲ್ಲಿ ಕಲೆತು, ಅರೆಯುವ ಮಸಾಲೆಯಂತಾಗಿ ಪಿನ್ನನ್ನು ತಿಂದುಹಾಕಿತ್ತು. ನಮ್ಮ ಮಲೆನಾಡಿನಲ್ಲಿ ರೋಗ ಬೇರೆ. ಇಲ್ಲಿ ಮಳೆನೀರು ಬಿಜಾಗರಿ ಕೂರುವ ಕಂಬದ ತಗಡನ್ನೇ ತುಕ್ಕು ಹಿಡಿಸುತ್ತದೆ. ಎರಡರಲ್ಲೂ ಬಾಗಿಲು ಜೋಲುವುದು ಒಂದೇ ರೀತಿ, ಚಿಕಿತ್ಸೆ ಮಾತ್ರ ಒಂದೇ ಅಲ್ಲ.

ಪರೀಕ್ಷೆ ಸುಲಭ. ಬಾಗಿಲನ್ನು ಅರ್ಧ ತೆರೆದು ಹಿಡಿಕೆಯ ಕಡೆಯ ಅಂಚನ್ನು ಮೇಲಕ್ಕೆತ್ತಬೇಕು. ಇನ್ನೊಬ್ಬರು ಬಿಜಾಗರಿಯ ಮೇಲೆ ಕಣ್ಣಿಡಬೇಕು. ಪಿನ್ನಿನ ಸುತ್ತ ಅಲುಗಾಟ ಕಂಡರೆ ಸವೆತ. ಬಿಜಾಗರಿಯೇ ಕಂಬದ ಮೇಲೆ ಅಲುಗಿದರೆ ಸ್ಕ್ರೂ ಸಡಿಲವಾಗಿದೆ ಅಥವಾ ತಗಡು ಕೊಳೆತಿದೆ. ಬಾಗಿಲಿನ ಅಗಲ ಎರಡು ಬಿಜಾಗರಿಗಳ ನಡುವಿನ ಅಂತರಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಪಿನ್ನಿನ ಬಳಿ ಕೂದಲೆಳೆಯಷ್ಟು ಸವೆದರೂ ಚಿಲಕದ ಬಳಿ ಅದು ಎರಡು ಮೂರು ಪಟ್ಟಾಗಿ ತೋರುತ್ತದೆ.

ಅನೇಕ ಟಿಂಕರಿಂಗ್‌ನವರು ಮೊದಲು ಕೈಹಾಕುವುದು ಕಂಬದ ಮೇಲಿನ ಚಿಲಕದ ಕೊಂಡಿಗೆ. ಅದನ್ನು ಕೆಳಗಿಳಿಸಿದರೆ ಬಾಗಿಲು ಆ ದಿನ ಮುಚ್ಚಿಕೊಳ್ಳುತ್ತದೆ, ಸವೆತ ಮುಂದುವರಿಯುತ್ತದೆ. ಇದಕ್ಕೆ ಒಪ್ಪಬಾರದೆಂಬುದು ನಮ್ಮ ಖಚಿತ ಅಭಿಪ್ರಾಯ. ಮರದ ತುಂಡು ಕೊಟ್ಟು ಬಾಗಿಲನ್ನು ಬಗ್ಗಿಸುವುದಂತೂ ಬೇಡವೇ ಬೇಡ.

ಸ್ಕ್ರೂ ಬಿಚ್ಚುವ ಮೊದಲು ಬಾಗಿಲಿನ ಕೆಳಗೆ ಜಾಕು, ಅದರ ಮೇಲೆ ಹಲಗೆ, ಗೋಣಿತಾಟು ಇಟ್ಟು ಭಾರ ಹೊರಿಸಿರಿ. ಬಿಜಾಗರಿಯ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆದಿಟ್ಟುಕೊಳ್ಳಿರಿ. ತುಕ್ಕು ಹಿಡಿದ ಸ್ಕ್ರೂಗಳಿಗೆ ಹಿಂದಿನ ರಾತ್ರಿಯೇ ತೆಳು ಎಣ್ಣೆ ಬಿಟ್ಟಿರಬೇಕು. ಹೊಸ ಪಿನ್ನು ಹಾಕಿಬಿಟ್ಟರೆ ಸಾಲದು. ತೂತೂ ಮೊಟ್ಟೆಯಾಕಾರಕ್ಕೆ ಸವೆದಿರುತ್ತದೆ. ಲೇತು ಅಂಗಡಿಯಲ್ಲಿ ತೂತನ್ನು ಗುಂಡಗೆ ಕೊರೆಸಿ, ಅದಕ್ಕೆ ತಕ್ಕ ದಪ್ಪ ಪಿನ್ನನ್ನೋ ಹಿತ್ತಾಳೆಯ ಬುಷ್ಷನ್ನೋ ಮಾಡಿಸಬೇಕು. ಎರಡೂ ಬಿಜಾಗರಿಗಳನ್ನು ಒಟ್ಟಿಗೇ ಮಾಡಿಸುವುದು ಲೇಸು. ತಗಡು ಕೊಳೆತಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸ ತಗಡು ಬೆಸೆಯದೆ ಗತ್ಯಂತರವಿಲ್ಲ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿಯ ತಂತಿ ಕಳಚಿರಲಿ. ಬಾಗಿಲಿನ ಸುತ್ತ ಸಂದು ಸಮನಾದ ಮೇಲೆಯೇ ಚಿಲಕದ ಕೊಂಡಿಯನ್ನು ಮುಟ್ಟಬೇಕು.

ತಿಂಗಳಿಗೊಮ್ಮೆ ಧೂಳೊರೆಸಿ ಒಂದೊಂದು ತೊಟ್ಟು ಇಂಜಿನ್ ಆಯಿಲ್ ಬಿಡಿರಿ. ಮಳೆಗಾಲಕ್ಕೆ ಮೊದಲು ಬಾಗಿಲಿನ ತಳದ ನೀರು ಹೋಗುವ ತೂತುಗಳನ್ನು ಕಡ್ಡಿಯಿಂದ ಬಿಡಿಸಿರಿ. ತರಗೆಲೆ ಸೇರಿ ಅವು ಕಟ್ಟಿಕೊಂಡರೆ ಒಳಗೆ ನೀರು ನಿಂತು ಬಾಗಿಲು ಬುಡದಿಂದಲೇ ಕೊಳೆಯುತ್ತದೆ.